ಪುಟ್ಟ ಮೋಟರ್: ದೋಷ ಎಲ್ಲಿ, ಬದಲಾವಣೆ ಎಲ್ಲಿ?

ಆಟಿಕೆ ಕಾರಿನಿಂದಲೋ ಕೈಫ್ಯಾನಿನಿಂದಲೋ ಬಿಚ್ಚಿ ತೆಗೆದ ಡಿ.ಸಿ. ಮೋಟರ್‌ನ ಒಳಗೆ ಇರುವ ಭಾಗಗಳು ಬಹಳ ಕಡಿಮೆ. ಕವಚದ ಒಳಮೈಗೆ ಅಂಟಿದ ಎರಡು ಆಯಸ್ಕಾಂತ, ನಡುವೆ ಮೂರು ಸುರುಳಿ ಸುತ್ತಿದ ಆರ್ಮೇಚರ್, ಅದೇ ಅಕ್ಷದ ಮೇಲೆ ಮೂರು ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಆ ಪಟ್ಟಿಗಳನ್ನು ಸವರುವ ಎರಡು ಬ್ರಷ್. ಸುರುಳಿ ಎರಡೇ ಇದ್ದರೆ ಅಕ್ಷ ಕೆಲವು ಕೋನಗಳಲ್ಲಿ ನಿಂತಾಗ ಮೋಟರ್ ತಾನಾಗಿ ಹೊರಡದು. ಮೂರಿದ್ದರೆ ಎಲ್ಲಿ ನಿಂತಿದ್ದರೂ ಹೊರಡುತ್ತದೆ.

ಮನೆಯಲ್ಲಿ ಕಟ್ಟಿದ ಯಂತ್ರ ಓಡದಿದ್ದಾಗ ಮೊದಲ ಅನುಮಾನ ಮೋಟರ್ ಮೇಲೆ ಬೀಳುತ್ತದೆ. ಹೆಚ್ಚಿನ ಸಲ ತಪ್ಪು ಅದರದ್ದಲ್ಲ. ಬೆಲ್ಟು, ಗೇರುಗಳನ್ನು ಕಳಚಿ ಬರೀ ಮೋಟರ್‌ಗೆ ಸೆಲ್ ಜೋಡಿಸಿದಾಗ ಅದು ಸಲೀಸಾಗಿ ತಿರುಗಿದರೆ, ಹುಡುಕಬೇಕಾದದ್ದು ಬಿಗಿಯಾದ ಬುಶ್ಶನ್ನು, ವಾರೆಯಾಗಿ ಕೂತ ಗೇರನ್ನು, ಇಲ್ಲವೇ ಸೊರಗಿದ ಸೆಲ್ಲನ್ನು. ಸೆಲ್ಲಿನ ವೋಲ್ಟೇಜನ್ನು ಮೋಟರ್ ಜೋಡಿಸಿಕೊಂಡೇ ಅಳೆಯಬೇಕು. ಸುಮ್ಮನೆ ಇಟ್ಟಾಗ 3 ವೋಲ್ಟ್ ತೋರಿಸುವ ಹಳೆಯ ಜೋಡಿ ಸೆಲ್, ಭಾರ ಬಿದ್ದೊಡನೆ ಅರ್ಧಕ್ಕೆ ಕುಸಿಯುವುದುಂಟು.

ಬರೀ ಮೋಟರ್ ಕೂಡ ಮಿಸುಕದಿದ್ದರೆ ಅಥವಾ ಬೆರಳಿನಿಂದ ತಳ್ಳಿದ ಮೇಲಷ್ಟೇ ಹೊರಟರೆ ಒಳಗೆ ನೋಡಬೇಕು. ಹಿಂಬದಿಯ ಮುಚ್ಚಳ ತೆಗೆದಾಗ ಕಮ್ಯುಟೇಟರ್ ಕಪ್ಪಾಗಿರುವುದು, ಪಟ್ಟಿಗಳ ನಡುವಿನ ಸಂದಿಯಲ್ಲಿ ಕರಿಪುಡಿ ತುಂಬಿರುವುದು ತೀರಾ ಸಾಮಾನ್ಯ. ಪುಡಿಯನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆದು, ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಸಾಕು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬುಶ್‌ಗೆ ಬೀಳಬಹುದು, ಕಮ್ಯುಟೇಟರ್‌ಗೆ ಬೀಳಬಾರದು. ಬಳಿಕ ಮಲ್ಟಿಮೀಟರ್‌ನಿಂದ ಎರಡೆರಡು ಪಟ್ಟಿಗಳ ನಡುವಿನ ರೋಧ ನೋಡಬೇಕು. ಮೂರು ಅಳತೆಯೂ ಒಂದೇ ಬಂದರೆ ಸುರುಳಿಗಳು ಸರಿಯಿವೆ ಎಂದು ತಿಳಿಯಬಹುದು. ಒಂದು ಬೇರೆಯಾದರೆ ಯಾವುದೋ ಸುರುಳಿ ತುಂಡಾಗಿದೆ ಅಥವಾ ಸುಟ್ಟಿದೆ. ತಂತಿ ಪಟ್ಟಿಗೆ ಸೇರುವ ಬೆಸುಗೆಯೇ ಬಿಟ್ಟಿದ್ದರೆ ಅದೃಷ್ಟ, ಮತ್ತೆ ಬೆಸೆಯಬಹುದು.

ಸುರುಳಿ ಸುಡುವುದೇಕೆ ಎಂಬುದು ಇಡೀ ವಿಷಯದ ತಿರುಳು. ತಿರುಗುವ ಮೋಟರ್ ಏಕಕಾಲಕ್ಕೆ ಜನರೇಟರ್ ಕೂಡ ಆಗಿರುತ್ತದೆ. ಆಯಸ್ಕಾಂತದ ಎದುರು ಸುತ್ತುವ ಸುರುಳಿಯಲ್ಲಿ ಸೆಲ್ಲಿಗೆ ಎದುರಾದ ವೋಲ್ಟೇಜ್ ಹುಟ್ಟಿ ಕರೆಂಟನ್ನು ತಡೆಯುತ್ತದೆ. ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಅಕ್ಷ ಸಿಕ್ಕಿಹಾಕಿಕೊಂಡು ನಿಂತರೆ ಈ ತಡೆ ಪೂರ್ತಿ ಮಾಯ. ಆಗ 1.5 ಓಮ್ ರೋಧದ ಮೋಟರ್‌ಗೆ 3 ವೋಲ್ಟ್ ಕೊಟ್ಟರೆ 2 ಆಂಪಿಯರ್ ಹರಿದು, 6 ವ್ಯಾಟ್ ಅಷ್ಟೂ ಆ ಕೂದಲೆಳೆಯ ತಂತಿಯಲ್ಲಿ ಬರೀ ಶಾಖವಾಗುತ್ತದೆ. ಸ್ವಲ್ಪ ಹೊತ್ತಿಗೇ ಎನಾಮಲ್ ಕರಗಿದ ವಾಸನೆ ಬರುತ್ತದೆ.

ಮಾರ್ಪಾಡಿಗೂ ಇದೇ ಸೂತ್ರ. ಕಡಿಮೆ ಸುತ್ತು, ದಪ್ಪ ತಂತಿ ಹಾಕಿ ಮರುಸುತ್ತಿದರೆ ಅದೇ ವೋಲ್ಟೇಜಿಗೆ ವೇಗ ಏರುತ್ತದೆ, ಕರೆಂಟೂ ಏರುತ್ತದೆ. ಹೆಚ್ಚು ಸುತ್ತು, ಸಣ್ಣ ತಂತಿಯಾದರೆ ಎರಡೂ ಇಳಿಯುತ್ತವೆ. ಆಯಸ್ಕಾಂತ ದುರ್ಬಲವಾದರೆ ಭಾರವಿಲ್ಲದ ಮೋಟರ್ ಇನ್ನೂ ಜೋರಾಗಿ ಓಡುತ್ತದೆ. ಎದುರು ವೋಲ್ಟೇಜ್ ಬೆಳೆಯಲು ಹೆಚ್ಚು ವೇಗ ಬೇಕಾಗುವುದೇ ಇದಕ್ಕೆ ಕಾರಣ. ಅದನ್ನು ಸುಧಾರಣೆ ಎಂದು ಎಣಿಸಬಾರದು, ಭಾರ ಹೊರುವ ಶಕ್ತಿ ಕುಗ್ಗಿರುತ್ತದೆ.

ಮನೆಯ ಯಂತ್ರಕ್ಕೆ ಸಾಮಾನ್ಯವಾಗಿ ಬೇಕಾದದ್ದು ನಿಧಾನ ಮತ್ತು ಬಲ. ಅದು ಗೇರ್‌ಗಳಿಂದ ಬರಬೇಕೇ ಹೊರತು ಸುರುಳಿಯಿಂದಲ್ಲ. ಶಾಲಾ ರೋಬೊಗಳಲ್ಲಿ ಕಾಣುವ ಹಳದಿ ಗೇರ್ ಮೋಟರ್‌ನ ಅನುಪಾತ ಬಹುಪಾಲು 1:48. ಅಂದರೆ ನಿಮಿಷಕ್ಕೆ 9,600 ಸುತ್ತು 200ಕ್ಕೆ ಇಳಿಯುತ್ತದೆ, ಗೇರ್‌ಗಳ ಘರ್ಷಣೆಗೆ ಹೋದದ್ದು ಬಿಟ್ಟು ತಿರುಚುವ ಬಲ ಅದೇ ಪ್ರಮಾಣದಲ್ಲಿ ಏರುತ್ತದೆ. ತಂತಿಗಳನ್ನು ಅದಲುಬದಲು ಮಾಡಿದರೆ ಮೋಟರ್ ಹಿಮ್ಮುಖವಾಗುತ್ತದೆ. ಟೇಪ್ ರೆಕಾರ್ಡರ್‌ನ ಮೋಟರ್ ಮಾತ್ರ ಈ ಮಾತು ಕೇಳದು. ವೇಗವನ್ನು ಸ್ಥಿರವಾಗಿಡುವ ಸರ್ಕಿಟ್ ಹಲವು ಮಾದರಿಗಳಲ್ಲಿ ಒಳಗೇ ಕೂತಿರುತ್ತದೆ, ತಿರುವುಮುರುವು ಕರೆಂಟ್ ಅದನ್ನು ಕೆಡಿಸಬಹುದು. ಟ್ರಾನ್ಸಿಸ್ಟರ್‌ನಿಂದ ಮೋಟರ್ ಚಾಲೂ ಮಾಡುವುದಾದರೆ ಅದಕ್ಕೆ ಅಡ್ಡಲಾಗಿ ಒಂದು ಡಯೋಡ್ ಕಡ್ಡಾಯ. ಇಲ್ಲದಿದ್ದರೆ ಕರೆಂಟ್ ಕಡಿದ ಕ್ಷಣ ಸುರುಳಿ ಚಿಮ್ಮಿಸುವ ಹೆಚ್ಚಿನ ವೋಲ್ಟೇಜಿಗೆ ಟ್ರಾನ್ಸಿಸ್ಟರ್ ಬಲಿಯಾಗುತ್ತದೆ.

ಯಂತ್ರ ಮಕ್ಕಳ ಕೈಗೆ ಹೋಗುವುದಿದ್ದರೆ ಸೆಲ್ ಮತ್ತು ಮೋಟರ್ ನಡುವೆ ಸಣ್ಣ ಫ್ಯೂಸ್ ಒಂದನ್ನು ತಪ್ಪದೆ ಹಾಕಿ.