ಎಂಜಿನ್ನಿನಿಂದ ಹಿಂಬದಿ ಚಕ್ರಕ್ಕೆ: ಶಕ್ತಿಯ ನಷ್ಟ ಮತ್ತು ಅದರ ತಡೆ

ಮೋಟಾರು ಸೈಕಲ್ಲಿನ ಮಾಹಿತಿಪತ್ರದಲ್ಲಿ ನಮೂದಿಸುವ ಅಶ್ವಶಕ್ತಿಯು ಸಾಮಾನ್ಯವಾಗಿ ಎಂಜಿನ್ನಿನ ಕ್ರ್ಯಾಂಕ್ ದಂಡದಲ್ಲಿ ದೊರೆಯುವ ಶಕ್ತಿಯಾಗಿರುತ್ತದೆ. ಹಿಂಬದಿ ಚಕ್ರವನ್ನು ತಲುಪುವ ಮೊದಲೇ ಅದರಲ್ಲಿ ಒಂದು ಭಾಗವು ಶಾಖವಾಗಿ ವ್ಯಯವಾಗುತ್ತದೆ. ಈ ನಷ್ಟವನ್ನು ಸಂಪೂರ್ಣವಾಗಿ ನಿವಾರಿಸಲು ಸಾಧ್ಯವಿಲ್ಲ; ಆದರೆ ಅಲಕ್ಷ್ಯದಿಂದ ಅದು ಹೆಚ್ಚುವುದನ್ನು ಖಂಡಿತವಾಗಿಯೂ ತಡೆಯಬಹುದು.

ಶಕ್ತಿ ಸಾಗುವ ಮಾರ್ಗ

ಎಂಜಿನ್ನಿನ ಶಕ್ತಿಯು ಪ್ರಾಥಮಿಕ ಗೇರುಗಳಿಂದ ಕ್ಲಚ್ಚಿಗೂ, ಅಲ್ಲಿಂದ ಗೇರುಪೆಟ್ಟಿಗೆಗೂ, ಕೊನೆಗೆ ಚೈನಿನ ಮೂಲಕ ಹಿಂಬದಿ ಚಕ್ರಕ್ಕೂ ಸಾಗುತ್ತದೆ. ಗೇರಿನ ಹಲ್ಲುಗಳ ಹಾಗೂ ಬೇರಿಂಗುಗಳ ಘರ್ಷಣೆ, ಎಣ್ಣೆಯನ್ನು ಕಲಕಲು ತಗಲುವ ಶಕ್ತಿ, ಚೈನಿನ ಕೊಂಡಿಗಳ ತಿಕ್ಕಾಟ ಇವು ನಷ್ಟದ ಮುಖ್ಯ ಕಾರಣಗಳು. ಸುಸ್ಥಿತಿಯಲ್ಲಿರುವ ವಾಹನದಲ್ಲಿಯೂ ಇದು ಸಾಮಾನ್ಯವಾಗಿ ಶೇಕಡಾ 10ರಿಂದ 15ರಷ್ಟಿರುತ್ತದೆ. 10 ಅಶ್ವಶಕ್ತಿಯ ಎಂಜಿನ್ನು ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ಶೇಕಡಾ 15ರ ನಷ್ಟವೆಂದರೆ ಸುಮಾರು 1,100 ವ್ಯಾಟ್. ಅಂದರೆ ಒಂದು ವಿದ್ಯುತ್ ಇಸ್ತ್ರಿಪೆಟ್ಟಿಗೆಯನ್ನು ಕಾಯಿಸಲು ಸಾಕಾಗುವಷ್ಟು ಶಕ್ತಿ.

ಮುಂಬಯಿಯ ಪರಿಸ್ಥಿತಿ

ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯು ಚೈನಿನ ಎಣ್ಣೆಯನ್ನು ತೊಳೆದುಬಿಡುತ್ತದೆ. ಕಡಲ ಗಾಳಿಯ ಉಪ್ಪಿನಂಶವು ತುಕ್ಕಿಗೆ ಎಡೆಮಾಡಿಕೊಡುತ್ತದೆ. ಕಾಮಗಾರಿ ನಡೆದಿರುವ ರಸ್ತೆಗಳ ಕೆಸರು ಮತ್ತು ಮರಳು ಕೊಂಡಿಗಳನ್ನು ಅರದಂತೆ ಸವೆಸುತ್ತವೆ. ಚೈನಿಗೆ ಪೂರ್ಣ ಹೊದಿಕೆಯಿಲ್ಲದ, ಮಣ್ಣಿನ ಹಾದಿಗಾಗಿ ನಿರ್ಮಿಸಿದ ಬೈಕುಗಳಲ್ಲಿ ಈ ಹಾನಿ ಇನ್ನೂ ಹೆಚ್ಚು. ಸಾಕಿನಾಕಾದಂತಹ ದಟ್ಟಣೆಯ ಸ್ಥಳಗಳಲ್ಲಿ ಕ್ಲಚ್ಚನ್ನು ಅರ್ಧ ಹಿಡಿದೇ ಸಾಗುವ ಅಭ್ಯಾಸದಿಂದ ಅದರ ಫಲಕಗಳು ಜಾರಿ, ಕಾದು, ಬೇಗನೆ ಸವೆಯುತ್ತವೆ. ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿರುವುದು ಇದರ ಲಕ್ಷಣ.

ಚಾಲಕರು ಗಮನಿಸಬೇಕಾದ ಅಂಶಗಳು

1. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗನೆ, ಚೈನನ್ನು ಶುಚಿಗೊಳಿಸಿ, ಒಣಗಿಸಿ, ಎಣ್ಣೆ ಹಾಕಬೇಕು.

2. ಈ ಕೆಲಸವನ್ನು ಎಂಜಿನ್ ನಿಲ್ಲಿಸಿ, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಲೇ ಮಾಡಬೇಕು. ಎಂಜಿನ್ ಓಡುತ್ತಿರುವಾಗ ಚೈನನ್ನು ಒರೆಸಲು ಹೋದರೆ ಬಟ್ಟೆಯೊಡನೆ ಬೆರಳುಗಳೂ ಸಿಕ್ಕಿ ತುಂಡಾಗುವ ಅಪಾಯವಿದೆ.

3. ಚೈನು ಅತಿಯಾಗಿ ಬಿಗಿಯಾದರೆ ಬೇರಿಂಗುಗಳ ಮೇಲೆ ಹೊರೆ ಬೀಳುತ್ತದೆ; ಅತಿಯಾಗಿ ಸಡಿಲವಾದರೆ ಕಳಚಿಕೊಳ್ಳಬಹುದು. ವಾಹನದ ಕೈಪಿಡಿ ಸೂಚಿಸುವಷ್ಟೇ ಸಡಿಲವಿರಲಿ.

4. ಹೆಚ್ಚಿನ ಮೋಟಾರು ಸೈಕಲ್ಲುಗಳಲ್ಲಿ ಕ್ಲಚ್ಚು ಎಂಜಿನ್ನಿನ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಕಾರುಗಳ ಎಣ್ಣೆಯಲ್ಲಿ ಘರ್ಷಣೆ ತಗ್ಗಿಸುವ ದ್ರವ್ಯಗಳಿದ್ದರೆ ಅದು ಜಾರತೊಡಗಬಹುದು. ಆದುದರಿಂದ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಬಳಸಬೇಕು.

5. ನೆರೆನೀರಿನಲ್ಲಿ ಮುಳುಗಿದ ವಾಹನವನ್ನು ಕೂಡಲೇ ಚಾಲೂ ಮಾಡಬಾರದು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆಯೆಂದು ತಿಳಿದು ಬದಲಾಯಿಸಬೇಕು.

ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಐದರಲ್ಲಿ ನಾಲ್ಕು ಭಾಗಕ್ಕಿಂತಲೂ ಹೆಚ್ಚು ವಿದೇಶಗಳಿಂದ ಬರುತ್ತದೆ. ಒಣಗಿದ ಚೈನಿನಲ್ಲಿಯೂ ಜಾರುವ ಕ್ಲಚ್ಚಿನಲ್ಲಿಯೂ ವ್ಯರ್ಥವಾಗುವುದು ಹೀಗೆ ಬೆಲೆ ತೆತ್ತು ತಂದ ಇಂಧನವೇ. ತಿಂಗಳಿಗೆರಡು ಬಾರಿ ಅರ್ಧ ಗಂಟೆಯ ಆರೈಕೆಯಿಂದ ವಾಹನದ ಆಯುಸ್ಸೂ ಕುಟುಂಬದ ಹಣವೂ ಉಳಿಯುತ್ತವೆ.