ಯಂತ್ರದಾಟವೂ ನಮ್ಮ ತರುಣರೂ

ಆಟವೆಂದೊಡನೆ ಮೂಗು ಮುರಿಯುವುದು ನಮ್ಮ ಹಿರಿಯರಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಅದರಲ್ಲಿಯೂ ಫೋನಿನ ಮೇಲೋ ಕಂಪ್ಯೂಟರಿನ ಮೇಲೋ ಆಡುವ ವಿಡಿಯೋ ಗೇಮ್ ಎಂಬ ಯಂತ್ರದಾಟದ ಹೆಸರೆತ್ತಿದರೆ, "ಹುಡುಗರು ಕೆಟ್ಟರು" ಎಂಬ ತೀರ್ಪು ವಿಚಾರಣೆಯಿಲ್ಲದೆಯೇ ಹೊರಬೀಳುತ್ತದೆ. ವಿಚಾರಣೆಯಿಲ್ಲದ ತೀರ್ಪು ನ್ಯಾಯಸ್ಥಾನದಲ್ಲಿ ಹೇಗೆ ಸಲ್ಲದೋ ಮನೆಯಲ್ಲಿಯೂ ಹಾಗೆಯೇ ಸಲ್ಲತಕ್ಕದ್ದಲ್ಲ. ಆದುದರಿಂದ ಈ ವಿಷಯವನ್ನು ವಾಚಕರು ಸ್ವಲ್ಪ ಸಮಾಧಾನದಿಂದ ಪರಿಶೀಲಿಸಬೇಕೆಂದು ಕೋರುತ್ತೇವೆ.

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಇಂದು ಈ ಆಟಗಳನ್ನರಿಯದ ತರುಣರು ವಿರಳ. ಆಟದ ಮೇಲೆ ನಿಜವಾದ ಅಭಿಮಾನವುಳ್ಳವರು ಒಂದೆಡೆ ಸೇರಿದಾಗ ಅವರ ಮಾತು ಸಾಮಾನ್ಯವಾಗಿ ಎರಡು ಭಾಗವಾಗಿರುತ್ತದೆ. ಹೊಸದಾಗಿ ಹೊರಬಂದ ಆಟ ಯಾವುದು, ಅದರ ಗುಣವೇನು, ದೋಷವೇನು, ಕೊಟ್ಟ ಹಣಕ್ಕೆ ಅದು ತಕ್ಕುದೆ ಎಂಬುದು ಒಂದು. ಆಟವು ನಡುವೆ ಏಕೆ ನಿಲ್ಲುತ್ತದೆ, ಫೋನು ಏಕೆ ಕಾಯುತ್ತದೆ, ಅದಕ್ಕೆ ಮಾಡತಕ್ಕ ಉಪಾಯವೇನು ಎಂಬುದು ಇನ್ನೊಂದು. ಮೊದಲನೆಯದು ವಿಮರ್ಶೆ, ಎರಡನೆಯದು ದುರಸ್ತಿ. ಇವೆರಡೂ ವಿದ್ಯೆಗಳೇ. ಈ ವಿದ್ಯೆಗಳನ್ನು ನಾಡು ಲೆಕ್ಕಕ್ಕೆ ಹಿಡಿಯದೆ ಪೋಲುಮಾಡುತ್ತಿದೆ ಎಂಬುದೇ ನಮ್ಮ ಆಕ್ಷೇಪಣೆ.

ವಿಮರ್ಶೆಯ ಮಾತನ್ನು ಮೊದಲು ನೋಡೋಣ. ಸರಕು ಪಕ್ವವಾಗುವ ತನಕ ಕಾಯಬೇಕೆಂಬುದನ್ನು ತೆಂಗಿನ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಂಡೆ ಕೊಬ್ಬರಿ ಮಾಡುವ ರೈತನು ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದಾಗ ಒಳಗೆ ಉರುಳುವ ಸದ್ದು ಕಿವಿಗೆ ಬಿದ್ದ ಮೇಲಲ್ಲದೆ ಅವನು ಕಾಯನ್ನು ಒಡೆಯುವುದಿಲ್ಲ. ಅವಸರಪಟ್ಟು ಒಡೆದರೆ ಅತ್ತ ಕಾಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ಕೋಟ್ಯಂತರ ಬಂಡವಾಳದ ಕಂಪೆನಿಗಳು ಈ ಸಣ್ಣ ಸತ್ಯವನ್ನು ಮರೆತ ನಿದರ್ಶನಗಳಿವೆ. ಪೋಲೆಂಡ್ ದೇಶದ ಸಿ. ಡಿ. ಪ್ರಾಜೆಕ್ಟ್ ಕಂಪೆನಿಯವರು 'ಸೈಬರ್‌ಪಂಕ್ ೨೦೭೭' ಎಂಬ ಆಟವನ್ನು ೨೦೨೦ನೆಯ ಇಸವಿ ಡಿಸೆಂಬರ್ ೧೦ರಂದು ಹೊರಡಿಸಿದರು. ಹಳೆಯ ಆಟಯಂತ್ರಗಳ ಮೇಲೆ ಅದು ಎಡವಿತು, ನಿಂತಿತು, ಕೆಟ್ಟಿತು. ದೂರುಗಳ ಮಹಾಪೂರವೇ ಬಂದುದರಿಂದ, ಸೋನಿ ಕಂಪೆನಿಯವರು ಸುಮಾರು ಒಂದೇ ವಾರದಲ್ಲಿ ಅದನ್ನು ತಮ್ಮ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣವನ್ನು ಹಿಂದಿರುಗಿಸಲು ಒಪ್ಪಬೇಕಾಯಿತು. ಅದು ಆ ಅಂಗಡಿಗೆ ಮರಳಿದ್ದು ೨೦೨೧ರ ಜೂನಿನಲ್ಲಿ. ಇದಕ್ಕೆ ಪ್ರತಿಯಾಗಿ, ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರ್ರಿ ಎಂಬ ಕೆಲವೇ ಜನರ ಗುಂಪು 'ಹಾಲೋ ನೈಟ್: ಸಿಲ್ಕ್‌ಸಾಂಗ್' ಎಂಬ ಆಟವನ್ನು ೨೦೧೯ರಲ್ಲಿ ಸಾರಿ, ಜನರ ಗೊಣಗಾಟವನ್ನೆಲ್ಲ ಸಹಿಸಿಕೊಂಡು, ೨೦೨೫ನೆಯ ಸೆಪ್ಟೆಂಬರ್ ೪ರಂದು ಹೊರತಂದಿತು. ಅಂದು ಕೊಳ್ಳುವವರ ನೂಕುನುಗ್ಗಲಿಗೆ ದೊಡ್ಡ ದೊಡ್ಡ ಕಂಪೆನಿಗಳ ಜಾಲದಂಗಡಿಗಳೇ ಸ್ವಲ್ಪ ಹೊತ್ತು ಕುಸಿದುಬಿದ್ದವು. ಈ ಎರಡು ವೃತ್ತಾಂತಗಳನ್ನು ತೂಗಿ ನೋಡಿ, "ಹೊರಬಂದ ದಿನವೇ ಕೊಳ್ಳಬೇಡ, ದೋಷಗಳು ತಿದ್ದಿದ ಮೇಲೆ ಕೊಂಡುಕೋ" ಎಂದು ಗೆಳೆಯನಿಗೆ ಬುದ್ಧಿ ಹೇಳುವ ತರುಣನು ಮಂಡಿಯಲ್ಲಿ ಕೊಬ್ಬರಿಯ ದರ್ಜೆ ನೋಡುವ ತನ್ನ ತಂದೆಗಿಂತ ಯಾವ ವಿಧದಲ್ಲಿ ಕಡಿಮೆಯವನು?

ದುರಸ್ತಿಯ ವಿದ್ಯೆಯಾದರೋ ಇದಕ್ಕಿಂತಲೂ ಗಹನವಾದುದು. "ಆಟ ನಿಂತು ನಿಂತು ಹೋಗುತ್ತದೆ" ಎಂಬುದು ಒಂದೇ ದೂರಾದರೂ ಅದಕ್ಕೆ ಕಾರಣಗಳು ಹಲವು. ತೆರೆಯ ಮೇಲೆ ಚಲನೆಯು ಸರಾಗವಾಗಿ ಕಾಣಬೇಕಾದರೆ ಯಂತ್ರವು ಒಂದು ಸೆಕೆಂಡಿಗೆ ಅರುವತ್ತು ಚಿತ್ರಗಳನ್ನು ಬರೆಯಬೇಕೆಂದು ಇಟ್ಟುಕೊಳ್ಳೋಣ. ಆಗ ಒಂದೊಂದು ಚಿತ್ರಕ್ಕೆ ದೊರೆಯುವ ಅವಕಾಶ ಸೆಕೆಂಡಿನ ಅರುವತ್ತನೆಯ ಒಂದು ಭಾಗ ಮಾತ್ರ. ಆ ಗಡುವು ತಪ್ಪಿದಾಗಲೆಲ್ಲ ಕಣ್ಣಿಗೆ ತಡೆ ಕಾಣುತ್ತದೆ. ಫೋನು ಮಿತಿಮೀರಿ ಕಾದಾಗ ತನ್ನನ್ನು ತಾನು ಕಾಪಾಡಿಕೊಳ್ಳುವುದಕ್ಕಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆದ್ದರಿಂದಲೇ ಮೊದಲು ಚೆನ್ನಾಗಿ ನಡೆದ ಆಟವು ಸ್ವಲ್ಪ ಹೊತ್ತಿನ ಮೇಲೆ ಕುಂಟುವುದು. ಹತ್ತಾರು ಜನ ಕೂಡಿ ಆಡುವ ಆಟದಲ್ಲಿ ಪ್ರತಿಯೊಂದು ನಡೆಯ ಸುದ್ದಿಯೂ ದೂರದ ಸರ್ವರ್‌ಗೆ ಹೋಗಿ ಬರಬೇಕು. ಆ ಪ್ರಯಾಣದಲ್ಲಿ ವಿಳಂಬವಾದರೆ ಎದುರಾಳಿಯು ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿಕೊಂಡಂತೆ ತೋರುತ್ತದೆ. ಇವುಗಳಲ್ಲಿ ಯಾವುದು ಕಾರಣ?

ಅನುಭವಶಾಲಿಯಾದ ಹುಡುಗನು ಇಲ್ಲಿ ಊಹೆಯಿಂದ ಹೊರಡುವುದಿಲ್ಲ. ಜಾಲದ ನೆರವು ಬೇಡದ ಆಟವೊಂದನ್ನು ಮೊದಲು ಆಡಿಸಿ ನೋಡುತ್ತಾನೆ. ಅದೂ ನಿಂತರೆ ತಪ್ಪು ಬಹುಶಃ ಜಾಲದ್ದಲ್ಲ. ಚಾರ್ಜರ್ ಕಿತ್ತು, ಫೋನಿನ ಕವಚ ತೆಗೆದು, ತಣ್ಣಗಾಗಿಸಿ ನೋಡುತ್ತಾನೆ. ಚಿತ್ರದ ನಯವನ್ನು ಒಂದು ಮೆಟ್ಟಿಲು ಇಳಿಸಿ ನೋಡುತ್ತಾನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಾನೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯದಲ್ಲವೆ? ಲಕ್ಷಣ, ಕಾರಣ, ಪರೀಕ್ಷೆ, ಪರಿಹಾರ ಎಂಬ ಈ ಕ್ರಮವು ವೈದ್ಯನ ನಿದಾನಕ್ಕೂ ವಿಜ್ಞಾನಿಯ ಪ್ರಯೋಗಕ್ಕೂ ಸಮಾನವಾದುದು. ಶಾಲೆಯ ಪುಸ್ತಕದಲ್ಲಿ ಇದನ್ನು ಬಾಯಿಪಾಠ ಮಾಡಿದವನಿಗೆ ಅಂಕ ದೊರೆಯುತ್ತದೆ. ಕೈಯಿಂದ ಮಾಡಿದವನಿಗೆ ಬೈಗುಳ ದೊರೆಯುತ್ತದೆ.

ಇಂಥ ಅಭಿಮಾನಿಯೊಬ್ಬನ ತಾಳ್ಮೆಯು ಎಲ್ಲಿಯವರೆಗೆ ಮುಟ್ಟಬಲ್ಲುದೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬಹುದು. ಅಮೆರಿಕೆಯ ರಾಕ್‌ಸ್ಟಾರ್ ಕಂಪೆನಿಯವರು ೨೦೧೩ರಲ್ಲಿ ಹೊರಡಿಸಿದ 'ಜಿ.ಟಿ.ಎ. ಆನ್‌ಲೈನ್' ಎಂಬ ಆಟವು ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದಕ್ಕೇ ಹಲವು ನಿಮಿಷ ಹಿಡಿಯುತ್ತಿತ್ತು. ವರ್ಷಗಟ್ಟಲೆ ಜನ ಇದನ್ನು ಹಣೆಬರಹವೆಂದು ಸಹಿಸಿದರು. ೨೦೨೧ರ ಫೆಬ್ರವರಿಯಲ್ಲಿ ಆಡುಗನೊಬ್ಬನು, ಕಂಪೆನಿಯ ಮೂಲ ಬರಹವು ಕೈಯಲ್ಲಿಲ್ಲದಿದ್ದರೂ, ಯಂತ್ರದ ನಡೆಯನ್ನೇ ಅಳೆದು ಕಾರಣವನ್ನು ಪತ್ತೆಮಾಡಿ ಪ್ರಕಟಿಸಿದನು. ಆಟದೊಳಗಿನ ಅಂಗಡಿಯಲ್ಲಿ ಸುಮಾರು ೬೩,೦೦೦ ಸರಕುಗಳ ಪಟ್ಟಿಯಿತ್ತು. ನಮ್ಮ ಮಂಡಿಯ ಗುಮಾಸ್ತನೊಬ್ಬನು ಹೊಸದೊಂದು ಚೀಲವನ್ನು ಖಾತೆಗೆ ಬರೆಯುವ ಮುನ್ನ ಪ್ರತಿಸಲವೂ ಖಾತೆಯನ್ನು ಮೊದಲಿನಿಂದ ಓದಿ, ಈ ಚೀಲ ಹಿಂದೆ ಬಂದಿದೆಯೇ ಎಂದು ನೋಡಿದರೆ ಹೇಗಿರುವುದೋ, ಯಂತ್ರವು ಆ ಪಟ್ಟಿಯನ್ನು ಹಾಗೆಯೇ ಓದುತ್ತಿತ್ತು. ಹೋಲಿಕೆಗಳ ಸಂಖ್ಯೆ ಇನ್ನೂರು ಕೋಟಿಯ ಸಮೀಪಕ್ಕೆ ಏರಿತ್ತು! ಅವನು ಸೂಚಿಸಿದ ಎರಡು ಸಣ್ಣ ತಿದ್ದುಪಡಿಗಳಿಂದ ಕಾಯುವ ವೇಳೆ ನೂರಕ್ಕೆ ಎಪ್ಪತ್ತರಷ್ಟು ಇಳಿಯಿತು. ಕಂಪೆನಿಯವರು ತಪ್ಪನ್ನು ಒಪ್ಪಿ, ಮಾರ್ಚಿಯಲ್ಲಿ ತಿದ್ದಿ, ಅವನಿಗೆ ೧೦,೦೦೦ ಡಾಲರ್ ಬಹುಮಾನವಿತ್ತರು. ಅವನಲ್ಲಿದ್ದ ಬಂಡವಾಳವಾದರೂ ಏನು? "ಇದು ಹೀಗೇಕೆ?" ಎಂದು ಕೇಳುವ ಛಲ. ಅದು ಚಿಕ್ಕನಾಯಕನಹಳ್ಳಿಯ ಹುಡುಗನಲ್ಲಿಯೂ ಇದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಆಟದ ಹೆಸರಿನಲ್ಲಿ ಜೂಜು ಮನೆಮನೆಗೂ ನುಗ್ಗಿದ್ದು, ಸಾಲದಲ್ಲಿ ಸಿಕ್ಕ ಸಂಸಾರಗಳು ಹಾಳಾದದ್ದು ಸುಳ್ಳಲ್ಲ. ಕರ್ನಾಟಕ ಸರ್ಕಾರದವರು ೨೦೨೧ರಲ್ಲಿ ತಂದ ನಿಷೇಧದ ಕಾಯಿದೆಯ ಮುಖ್ಯಭಾಗಗಳನ್ನು ನಮ್ಮ ಹೈಕೋರ್ಟು ೨೦೨೨ರ ಫೆಬ್ರವರಿ ೧೪ರಂದು ಅಸಿಂಧುವೆಂದು ಸಾರಿತು. ಅನಂತರ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು ಹಣವೊಡ್ಡುವ ಆಟಗಳನ್ನು ನಿಷೇಧಿಸಿ, ಪಂದ್ಯದ ಆಟ ಮತ್ತು ವಿನೋದದ ಆಟಗಳನ್ನು ಪ್ರೋತ್ಸಾಹಿಸತಕ್ಕದ್ದೆಂದು ಬೇರ್ಪಡಿಸಿತು. ಶಾಸನವು ಕಂಡ ಈ ಭೇದವನ್ನು ತಾಯಿತಂದೆಗಳೂ ಕಾಣಬೇಕು. ಇನ್ನು ಗೀಳಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಒಪ್ಪಿ ೨೦೨೨ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಸ್ಥಾನ ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ತೊಂದರೆಗೆಂದೇ ೨೦೧೪ರಲ್ಲಿ ಒಂದು ಚಿಕಿತ್ಸಾಲಯ ಪ್ರಾರಂಭವಾಯಿತು. ಆದರೆ ಹೆಚ್ಚು ಹೊತ್ತು ಆಡಿದ ಮಾತ್ರಕ್ಕೇ ಅದು ರೋಗವೆನಿಸದು. ಹಿಡಿತ ತಪ್ಪಿ, ಊಟ ನಿದ್ರೆ ಓದುಗಳೆಲ್ಲ ಹಿಂದೆ ಬಿದ್ದು, ಕೇಡು ಕಣ್ಣಿಗೆ ಕಂಡರೂ ಬಿಡಲಾರದೆ ಬಹುಕಾಲ ನಡೆದರೆ ಅದು ರೋಗ. ಅಂಥ ಮಗುವಿಗೆ ವೈದ್ಯನು ಬೇಕು, ಬೆತ್ತವಲ್ಲ. ಒಬ್ಬನೇ ಕೋಣೆಯ ಬಾಗಿಲು ಹಾಕಿಕೊಂಡು ಆಡುವವನಿಗಿಂತ, ನಾಲ್ವರೊಡನೆ ಕೂಡಿ ಗುಣದೋಷ ಚರ್ಚಿಸುವವನಿಗೆ ಆ ಭಯ ಕಡಿಮೆಯೆಂದು ನಮ್ಮ ಎಣಿಕೆ.

ಆಟವನ್ನು ವಿದ್ಯೆಯಾಗಿ ಕಾಣುವುದು ನಮ್ಮ ನಾಡಿಗೆ ಹೊಸತೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ಚದುರಂಗದ ಕುದುರೆಯ ನಡೆಯ ಬಂಧಗಳನ್ನು ರಚಿಸಿದವರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವೇ ಆಟಗಳಿಗೆ ಮೀಸಲಾಗಿದೆ. ಅಂದಿನವರು ಆಟವನ್ನು ಆಡಿದರು, ಹೊಸದಾಗಿ ಕಟ್ಟಿಯೂ ಕಟ್ಟಿದರು. ನಾವು ಇಂದು ಆಡುವುದರಲ್ಲಿಯೇ ನಿಂತಿದ್ದೇವೆ.

ಪರರ ಅಂಗಳದಲ್ಲಿ ಆಡುವವನಿಗೆ ಆ ಅಂಗಳದ ಬಾಗಿಲು ಯಾವಾಗ ಮುಚ್ಚುವುದೋ ತಿಳಿಯದು. ಲಕ್ಷಾಂತರ ತರುಣರು ಆಡುತ್ತಿದ್ದ 'ಪಬ್‌ಜಿ' ಆಟವನ್ನು ಕೇಂದ್ರ ಸರ್ಕಾರದವರು ದೇಶದ ಭದ್ರತೆಯ ಕಾರಣದಿಂದ ೨೦೨೦ರ ಸೆಪ್ಟೆಂಬರ್ ೨ರಂದು ನಿಷೇಧಿಸಿದರು. ಅದು ಬೇರೆ ಹೆಸರಿನಿಂದ ೨೦೨೧ರಲ್ಲಿ ಬಂದು, ೨೦೨೨ರಲ್ಲಿ ಮರೆಯಾಗಿ, ೨೦೨೩ರಲ್ಲಿ ಮತ್ತೆ ಬಂತು. ನಿಷೇಧದ ಔಚಿತ್ಯವು ಬೇರೆ ವಿಷಯ. ನಮ್ಮ ಮಕ್ಕಳ ವಿನೋದದ ಬೀಗದ ಕೈ ನಮ್ಮಲ್ಲಿಲ್ಲವೆಂಬುದು ಅದರಿಂದ ಸ್ಪಷ್ಟವಾಯಿತು. ಕುಶಲರು ನಮ್ಮಲ್ಲಿಲ್ಲವೆ? ಬೆಂಗಳೂರಿನಲ್ಲಿ ೧೯೯೭ರಲ್ಲಿಯೇ ಧ್ರುವ ಇಂಟರ್‍ಯಾಕ್ಟಿವ್ ಎಂಬ ಸಂಸ್ಥೆ ಹುಟ್ಟಿ, ವಿದೇಶದ ಹೆಸರಾಂತ ಆಟಗಳಿಗೆ ಚಿತ್ರ ಬರೆದುಕೊಟ್ಟು ಕೀರ್ತಿ ಪಡೆಯಿತು. ೨೦೧೯ರಲ್ಲಿ ಅದನ್ನು ಕೊಂಡವರು ಮೇಲೆ ಹೇಳಿದ ರಾಕ್‌ಸ್ಟಾರ್ ಕಂಪೆನಿಯವರೇ. ತಿಪಟೂರಿನ ಉಂಡೆ ಕೊಬ್ಬರಿಯು ಉತ್ತರ ಹಿಂದೂಸ್ಥಾನದ ಪೇಟೆಗಳಿಗೆ ಹೋಗುವಂತೆ ನಮ್ಮ ಹುಡುಗರ ಕೌಶಲವೂ ಮೂಟೆಯಾಗಿ ಹೊರಗೆ ಹೋಗುತ್ತಿದೆ. ಅದರಿಂದಾಗುವ ಸರಕಿಗೆ ಬೇರೆಯವರ ಮುದ್ರೆ ಬೀಳುತ್ತಿದೆ. ಚೀನದವರು ತಮ್ಮ ಪ್ರಾಚೀನ ಕಥೆಯಾದ ಪಶ್ಚಿಮಯಾತ್ರೆಯ ವಾನರವೀರನನ್ನು ತೆಗೆದುಕೊಂಡು 'ಬ್ಲ್ಯಾಕ್ ಮಿತ್: ವುಕಾಂಗ್' ಎಂಬ ಆಟವನ್ನು ೨೦೨೪ರ ಆಗಸ್ಟ್ ೨೦ರಂದು ಹೊರಡಿಸಿ, ಮೂರೇ ದಿನಗಳಲ್ಲಿ ಕೋಟಿ ಪ್ರತಿಗಳನ್ನು ಮಾರಿದರು. ಆ ಯಾತ್ರೆಯು ಹೊರಟದ್ದು ನಮ್ಮ ದೇಶದ ಕಡೆಗೆ ಎಂಬುದನ್ನು ವಾಚಕರು ಗಮನಿಸಬೇಕು! ಪುಣೆಯ ತರುಣರು ೨೦೨೦ರಲ್ಲಿ ಹೊರತಂದ 'ರಾಜಿ' ಎಂಬ ಆಟವು ನಮ್ಮಿಂದಲೂ ಇದು ಸಾಧ್ಯವೆಂದು ತೋರಿಸಿದೆ.

ಕನ್ನಡದಲ್ಲಿ ಆಟ ಕಟ್ಟಲು ಹೊರಟವನಿಗೆ ಮೊದಲು ಎದುರಾಗುವುದು ನಮ್ಮ ಲಿಪಿಯದೇ ತೊಡಕು. ಕಂಪ್ಯೂಟರಿನ ಜಾಗತಿಕ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡವು ೧೯೯೧ರಿಂದಲೂ ಇದೆ. ಆದರೆ ಅಕ್ಷರಗಳನ್ನು ಪಟ್ಟಿಯಲ್ಲಿಡುವುದು ಬೇರೆ, ಅವನ್ನು ಕೂಡಿಸಿ ಬರೆಯುವುದು ಬೇರೆ. ಆಟ ಕಟ್ಟುವವರಲ್ಲಿ ಪ್ರಸಿದ್ಧವಾದ ಯೂನಿಟಿ ಎಂಬ ಸಾಧನದ ಅಕ್ಷರ ಬರೆಯುವ ಭಾಗವು ಬಹುಕಾಲ ನಮ್ಮ ಒತ್ತಕ್ಷರಗಳನ್ನು ತಾನಾಗಿ ಜೋಡಿಸುತ್ತಿರಲಿಲ್ಲ. ಅದರ ಕೈಗೆ ಸಿಕ್ಕ 'ಅಮ್ಮ'ನು 'ಅಮ್‌ಮ' ಆಗಿಬಿಡುತ್ತಿದ್ದಳು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಗೊಡೊ ಎಂಬ ಸಾಧನದಲ್ಲಿ ೨೦೨೩ರ ಮಾರ್ಚಿಯಿಂದ ಈ ಜೋಡಣೆ ಸರಿಯಾಗಿ ಸೇರಿಕೊಂಡಿತು. ದಾರಿ ತೆರೆದಿದೆ, ನಡೆಯುವವರು ಬೇಕು. ಸಂಸ್ಕೃತ ಅಲಂಕಾರಶಾಸ್ತ್ರದ ಜಟಿಲ ವಿಚಾರಗಳನ್ನು ೧೯೫೩ರಲ್ಲಿ 'ಭಾರತೀಯ ಕಾವ್ಯಮೀಮಾಂಸೆ'ಯೆಂಬ ಗ್ರಂಥದಲ್ಲಿ ತಿಳಿಗನ್ನಡಕ್ಕೆ ಇಳಿಸಿದ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ರಸಧ್ವನಿಗಳನ್ನು ಹೇಳಬಲ್ಲ ಕನ್ನಡವು ಫೋನಿನ ದುರಸ್ತಿಯನ್ನು ಹೇಳಲಾರದೆ? ಈಗ ಹುಡುಗನಿಗೆ ತೊಡಕು ಬಂದರೆ ಪರಿಹಾರವನ್ನು ಇಂಗ್ಲಿಷಿನಲ್ಲಿ ಹುಡುಕಬೇಕು. ಇಂಗ್ಲಿಷು ಬಾರದವನು ಬಲ್ಲವನ ಮುಂದೆ ಕೈಕಟ್ಟಿ ನಿಲ್ಲಬೇಕು. ಬುದ್ಧಿಯಿದ್ದೂ ಭಾಷೆಯ ಬೇಲಿಯ ಹೊರಗೆ ನಿಂತ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿಯೋ!

ಮಾಡತಕ್ಕದ್ದು ಕಷ್ಟವಾದುದೇನೂ ಅಲ್ಲ. ಸಾರ್ವಜನಿಕ ಗ್ರಂಥಾಲಯಕ್ಕೆಂದು ಪುರಸಭೆಯವರು ಕರದೊಡನೆ ಉಪಕರವನ್ನು ಸೇರಿಸಿ ಎತ್ತುತ್ತಾರೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೊಸ ಹೆಸರನ್ನು ಪಡೆದಿವೆ. ಅಲ್ಲಿ ವಾರಕ್ಕೊಂದು ಸಂಜೆ ಒಂದು ಮೇಜನ್ನೂ ನಾಲ್ಕು ಕುರ್ಚಿಗಳನ್ನೂ ಈ ತರುಣರಿಗೆ ಬಿಟ್ಟುಕೊಡಲಿ. ಪಾಲಿಟೆಕ್ನಿಕ್ಕಿನ ಉಪಾಧ್ಯಾಯರೊಬ್ಬರು ಬಂದು ಕುಳಿತುಕೊಳ್ಳಲಿ. ತಾಯಿತಂದೆಗಳೂ ಬಂದು ನೋಡಲಿ. ತರುಣರಿಗೆ ನಾವು ವಿಧಿಸುವ ಕರಾರು ಒಂದೇ: ಕಂಡ ದೋಷ, ಹುಡುಕಿದ ಕಾರಣ, ಫಲಿಸಿದ ಪರಿಹಾರ ಎಂದು ಮೂರು ಅಂಕಣದ ಒಂದು ಪುಸ್ತಕವನ್ನಿಟ್ಟು, ಪ್ರತಿಯೊಂದನ್ನೂ ಕನ್ನಡದಲ್ಲಿ ಬರೆದಿಡಬೇಕು. ಫಲಿಸದ ಉಪಾಯಗಳನ್ನೂ ಬರೆಯಬೇಕು, ಏಕೆಂದರೆ ಮುಂದಿನವನ ವೇಳೆ ಅದರಿಂದ ಉಳಿಯುತ್ತದೆ. ಇಂಥ ಪುಸ್ತಕವೊಂದು ತುಂಬುವಷ್ಟರಲ್ಲಿ ಊರಿಗೆ ಕೆಲವು ಮಂದಿ ನಿಪುಣರು ದೊರೆಯುತ್ತಾರೆ. ಫೋನು ಕೆಟ್ಟ ರೈತನಿಗೂ ಕಂಪ್ಯೂಟರು ನಿಂತ ಕಚೇರಿಗೂ ಆ ನಿಪುಣರೇ ಒದಗುತ್ತಾರೆ.

ತೆಂಗಿನ ಸಸಿಯನ್ನು ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯುತ್ತಾನೆ, ನೀರನ್ನು ಮಾತ್ರ ಅಂದಂದೇ ಹಾಯಿಸುತ್ತಾನೆ. ಪುರಸಭೆಯ ಸದಸ್ಯರೂ ಅಧಿಕಾರಿಗಳೂ ಈ ಸಸಿಗೆ ಒಂದು ಕೊಡ ನೀರು ಹಾಕುವರೆಂದು ನಂಬುತ್ತೇವೆ.