ಗಣಿಯೂರುಗಳಿಂದ ಸಿಡ್ನಿ ಅಂಗಳಕ್ಕೆ

2014ರ ಅಕ್ಟೋಬರ್ 5, ಭಾನುವಾರ ಸಂಜೆ. ಸಿಡ್ನಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ 83 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್, ಅಂದರೆ ಎನ್‌ಆರ್‌ಎಲ್ ಟೂರ್ನಿಯ ಫೈನಲ್ ಅದು. ಮೊದಲ ಟ್ಯಾಕಲ್‌ನಲ್ಲೇ ಸೌತ್ ಸಿಡ್ನಿ ತಂಡದ ಸ್ಯಾಮ್ ಬರ್ಜೆಸ್ ಅವರ ಮುಖ ಕ್ಯಾಂಟರ್ಬರಿ ತಂಡದ ಜೇಮ್ಸ್ ಗ್ರಹಾಂ ಅವರ ತಲೆಗೆ ಬಡಿಯಿತು. ಬರ್ಜೆಸ್ ಅವರ ಕೆನ್ನೆಮೂಳೆ ಮುರಿಯಿತು. ಊದಿಕೊಂಡ ಮುಖದಲ್ಲೇ ಅವರು ಕೊನೆಯವರೆಗೂ ಆಡಿದರು. ಸೌತ್ ಸಿಡ್ನಿ 30-6ರಿಂದ ಗೆದ್ದು 43 ವರ್ಷಗಳ ಬರ ನೀಗಿಸಿಕೊಂಡಿತು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕ್ಲೈವ್ ಚರ್ಚಿಲ್ ಪದಕ ಬರ್ಜೆಸ್ ಕೊರಳಿಗೆ ಬಿತ್ತು. 1970ರ ಫೈನಲ್‌ನಲ್ಲಿ ದವಡೆ ಮುರಿದರೂ ಅಂಗಳ ಬಿಡದ ಜಾನ್ ಸ್ಯಾಟ್ಲರ್ ಇದೇ ಕ್ಲಬ್ಬಿನ ನಾಯಕರಾಗಿದ್ದರು. ಅಭಿಮಾನಿಗಳು ಬರ್ಜೆಸ್ ಅವರಿಗೂ ಅದೇ ಸಾಲಿನಲ್ಲಿ ಜಾಗ ಕೊಟ್ಟರು.

ಆ ಡಿಕ್ಕಿಯಲ್ಲಿದ್ದ ಇಬ್ಬರೂ ಆಸ್ಟ್ರೇಲಿಯಾದವರಲ್ಲ. ಬರ್ಜೆಸ್ ಯಾರ್ಕ್‌ಷೈರ್‌ನ ಡ್ಯೂಸ್‌ಬರಿಯವರು, ಗ್ರಹಾಂ ಲಿವರ್‌ಪೂಲ್ ಸೀಮೆಯವರು. ಉತ್ತರ ಇಂಗ್ಲೆಂಡಿನ ಚಿಕ್ಕ ಊರುಗಳಲ್ಲಿ ಆಟ ಕಲಿತವರು ಭೂಮಿಯ ಆ ತುದಿಗೆ ಹೋಗಿ, ಜಗತ್ತಿನ ಅತಿ ಕಠಿಣ ರಗ್ಬಿ ಲೀಗ್ ಟೂರ್ನಿಯಲ್ಲಿ ನೆಲೆ ನಿಲ್ಲುವ ಪರಂಪರೆಗೆ ಅರ್ಧ ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಕೆಲವರು ಅಲ್ಲಿ ದಂತಕಥೆಯಾದರು. ಕೆಲವರು ಒಂದೆರಡು ವರ್ಷದಲ್ಲೇ ಊರಿನ ದಾರಿ ಹಿಡಿದರು. ಈ ಎರಡು ಗುಂಪುಗಳ ನಡುವಿನ ವ್ಯತ್ಯಾಸ ತೋಳ್ಬಲದ್ದಲ್ಲ.

ಕೂಲಿಯ ಜಗಳದಲ್ಲಿ ಹುಟ್ಟಿದ ಆಟ

ರಗ್ಬಿ ಲೀಗ್ ಹುಟ್ಟಿದ್ದೇ ಇಂಗ್ಲೆಂಡಿನಲ್ಲಿ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಮೂಲ ರಗ್ಬಿ ಸಂಸ್ಥೆಯಿಂದ ಹೊರನಡೆದವು. ಶನಿವಾರ ಆಡಲು ಹೋದ ಗಣಿ ಕಾರ್ಮಿಕ, ಗಿರಣಿ ಕಾರ್ಮಿಕನಿಗೆ ಆ ದಿನದ ಕೂಲಿ ತಪ್ಪುತ್ತಿತ್ತು. ಅದನ್ನು ಭರ್ತಿ ಮಾಡಿಕೊಡಿ ಎಂಬ ಬೇಡಿಕೆಗೆ ಮೂಲ ಸಂಸ್ಥೆ ಒಪ್ಪಲಿಲ್ಲ. ಬೇರೆಯಾದ ಗುಂಪು ಮುಂದೆ ನಿಯಮಗಳನ್ನೂ ಬದಲಿಸಿತು. ತಂಡದಲ್ಲಿ 15ರ ಬದಲು 13 ಮಂದಿ ಉಳಿದರು, ಆಟ ಚುರುಕಾಯಿತು. 1908ರಲ್ಲಿ ಸಿಡ್ನಿಯಲ್ಲೂ ಲೀಗ್ ಶುರುವಾಯಿತು, ಅಲ್ಲಿಯೂ ದುಡಿಯುವ ಜನರ ಬಡಾವಣೆಗಳೇ ಅದಕ್ಕೆ ಆಸರೆ.

ಇಂದು ಇಂಗ್ಲೆಂಡಿನಲ್ಲಿ ಈ ಆಟ ಲ್ಯಾಂಕಾಷೈರ್ ಮತ್ತು ಯಾರ್ಕ್‌ಷೈರ್‌ಗಳನ್ನು ಬೆಸೆಯುವ ಎಂ62 ಹೆದ್ದಾರಿಯ ಆಸುಪಾಸಿನಲ್ಲೇ ಗಟ್ಟಿಯಾಗಿದೆ. ಉಳಿದೆಡೆ ಫುಟ್‌ಬಾಲ್‌ನದೇ ದರ್ಬಾರು. ಸಿಡ್ನಿ, ಬ್ರಿಸ್ಬೇನ್‌ಗಳಲ್ಲಿ ಮಾತ್ರ ಚಳಿಗಾಲದ ಆಟವೆಂದರೆ ಮೊದಲು ನೆನಪಾಗುವುದು ರಗ್ಬಿ ಲೀಗ್. ಇಂಗ್ಲೆಂಡಿನ ಸೂಪರ್ ಲೀಗ್ ಕ್ಲಬ್ಬುಗಳು ಕೊಡಬಹುದಾದ ಸಂಬಳಕ್ಕೂ ಎನ್‌ಆರ್‌ಎಲ್ ಕ್ಲಬ್ಬುಗಳು ಕೊಡುವ ಸಂಬಳಕ್ಕೂ ದೊಡ್ಡ ಅಂತರವಿದೆ. ಸಂಬಳವೊಂದೇ ಕಾರಣವಲ್ಲ, ಅತ್ಯುತ್ತಮರ ನಡುವೆ ತನ್ನನ್ನು ತಾನು ಅಳೆದು ನೋಡಿಕೊಳ್ಳುವ ಹಂಬಲವೂ ಆಟಗಾರನನ್ನು ಹೊರಡಿಸುತ್ತದೆ.

ಹತ್ತು ಮೀಟರ್‌ನ ಪಾಠ

ನಿಯಮಪುಸ್ತಕ ಹೆಚ್ಚುಕಡಿಮೆ ಒಂದೇ. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ. ಅಷ್ಟರೊಳಗೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ನಾಲ್ಕು ಅಂಕ. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬಹುದು. ಪ್ರತಿ ಟ್ಯಾಕಲ್ ಆದ ಮೇಲೂ ರಕ್ಷಣಾ ಪಡೆ ಹತ್ತು ಮೀಟರ್ ಹಿಂದೆ ಸರಿಯಬೇಕು. ಬಿದ್ದವನು ಎದ್ದು, ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸಿದರೆ ಆಟ ಮತ್ತೆ ಶುರು. ಇದನ್ನು ‘ಪ್ಲೇ ದ ಬಾಲ್’ ಎನ್ನುತ್ತಾರೆ.

ಇಂಗ್ಲೆಂಡಿನಿಂದ ಬಂದವನ ನಿಜವಾದ ಪರೀಕ್ಷೆ ನಡೆಯುವುದು ಇಲ್ಲೇ. ನಮ್ಮ ಕಬಡ್ಡಿಯಲ್ಲಿ ರೈಡರ್‌ನನ್ನು ಕೆಡವಿ ಹಿಡಿದರೆ ಆ ಸರದಿ ಮುಗಿಯಿತು. ರಗ್ಬಿ ಲೀಗ್‌ನಲ್ಲಿ ಕೆಡವಿದ ಮೇಲೆಯೇ ಹಿಡಿದವನ ಮುಖ್ಯ ಕೆಲಸ ಆರಂಭ. ಬಿದ್ದವನು ಎಷ್ಟು ನಿಧಾನವಾಗಿ ಏಳುತ್ತಾನೋ ಅಷ್ಟು ಹೊತ್ತು ಉಳಿದ ರಕ್ಷಕರಿಗೆ ಸಾಲು ಕಟ್ಟಲು ಸಿಗುತ್ತದೆ. ಹೆಚ್ಚು ಹೊತ್ತು ಒತ್ತಿಹಿಡಿದರೆ ರೆಫರಿ ದಂಡ ಹಾಕುತ್ತಾರೆ. ಈ ಕೂದಲೆಳೆಯ ಅಂತರದಲ್ಲಿ ಎನ್‌ಆರ್‌ಎಲ್ ಕ್ಲಬ್ಬುಗಳು ಒಂದು ಶಾಸ್ತ್ರವನ್ನೇ ಕಟ್ಟಿವೆ. ತರಬೇತುದಾರ ಕ್ರೇಗ್ ಬೆಲ್ಲಮಿ ಅವರ ಮೆಲ್ಬರ್ನ್ ಸ್ಟಾರ್ಮ್ ತಂಡ ಕುಸ್ತಿಯ ಪಟ್ಟುಗಳನ್ನು ತರಬೇತಿಗೆ ತಂದ ಮೇಲೆ, ಎಲ್ಲ ಕ್ಲಬ್ಬುಗಳಲ್ಲೂ ಹಿಡಿತ, ಹೊರಳಿಕೆ, ಬೆನ್ನ ಮೇಲಿನ ಒತ್ತಡಗಳ ಅಭ್ಯಾಸ ನಿತ್ಯದ ಪಾಠವಾಯಿತು. ಭುಜ ಕೊಟ್ಟು ಗುದ್ದಿ ಕೆಡವುವುದೇ ಟ್ಯಾಕಲ್ ಎಂದು ಬೆಳೆದ ಹುಡುಗ ಇಲ್ಲಿ ಅದನ್ನು ಹೊಸದಾಗಿ ಕಲಿಯಬೇಕು.

ಎರಡನೆಯ ಪರೀಕ್ಷೆ ಉಸಿರಿನದು. 2020ರಲ್ಲಿ ಎನ್‌ಆರ್‌ಎಲ್ ಒಂದು ಬದಲಾವಣೆ ತಂದಿತು. ಟ್ಯಾಕಲ್ ಆದ ಜಾಗದಲ್ಲಿ ರಕ್ಷಕರು ತಪ್ಪು ಮಾಡಿದರೆ ಆಟ ನಿಲ್ಲಿಸಿ ಪೆನಾಲ್ಟಿ ಕೊಡುವ ಬದಲು, ಆಟ ಓಡುತ್ತಿರುವಾಗಲೇ ಟ್ಯಾಕಲ್ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡುವುದು. ಪೆನಾಲ್ಟಿಯ ಹೊತ್ತಿನಲ್ಲಿ ದೊಡ್ಡ ಮೈಯ ಮುಂಪಡೆಯವರಿಗೆ ಸಿಗುತ್ತಿದ್ದ ವಿರಾಮವೂ ಹೋಯಿತು. ಸೂಪರ್ ಲೀಗ್ ಅದೇ ವರ್ಷ ಈ ನಿಯಮವನ್ನು ಎತ್ತಿಕೊಂಡಿತಾದರೂ ವಾರವಾರವೂ ಅದೇ ಬಿರುಸು ಅಲ್ಲಿ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಸುಲಭದ ಪಂದ್ಯವೊಂದು ನಡುವೆ ಸಿಕ್ಕೀತು, ಎನ್‌ಆರ್‌ಎಲ್‌ನಲ್ಲಿ ಅಂಕಪಟ್ಟಿಯ ತಳದ ತಂಡವೂ ಮೈಮರೆತವನನ್ನು ಮಣ್ಣು ಮುಕ್ಕಿಸುತ್ತದೆ.

ಮೂರನೆಯದು ಪಂಚಾಂಗ. ಸೂಪರ್ ಲೀಗ್ ಫೈನಲ್ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ. ನವೆಂಬರ್‌ಗೆ ಆಸ್ಟ್ರೇಲಿಯಾದಲ್ಲಿ ಮುಂದಿನ ಋತುವಿನ ತಯಾರಿ ಶುರು. ಮೈ ನೋವು ಆರುವ ಮೊದಲೇ ಯಾರ್ಕ್‌ಷೈರ್‌ನ ಚಳಿ ಬಿಟ್ಟು ಸಿಡ್ನಿಯ, ಬ್ರಿಸ್ಬೇನ್‌ನ ಕಡುಬೇಸಿಗೆಯಲ್ಲಿ ಓಡಬೇಕು. ಬಸ್ಸಿನಲ್ಲಿ ಪಂದ್ಯಕ್ಕೆ ಹೋಗಿ ರಾತ್ರಿ ಮನೆಯಲ್ಲಿ ಮಲಗುತ್ತಿದ್ದವನಿಗೆ ಈಗ ಟೌನ್ಸ್‌ವಿಲ್, ಆಕ್ಲೆಂಡ್‌ಗಳಿಗೆ ವಿಮಾನಯಾನ.

ಅತಿಥಿಗಳ ಕಾಲ, ವಲಸಿಗರ ಕಾಲ

ಈ ಪಯಣದ ಸ್ವರೂಪವೇ 1996ರಲ್ಲಿ ಬದಲಾಯಿತು. ಅದಕ್ಕೂ ಮೊದಲು ಇಂಗ್ಲೆಂಡಿನ ಋತು ಅಲ್ಲಿನ ಚಳಿಗಾಲಕ್ಕೆ ಬೀಳುತ್ತಿತ್ತು, ಆಸ್ಟ್ರೇಲಿಯಾದ್ದು ಆ ದೇಶದ ಚಳಿಗಾಲಕ್ಕೆ. ಒಂದು ಮುಗಿದಾಗ ಇನ್ನೊಂದು ನಡೆಯುತ್ತಿದ್ದುದರಿಂದ ಕೆಲವು ತಿಂಗಳ ಮಟ್ಟಿಗೆ ಹೋಗಿಬರಲು ಸಾಧ್ಯವಿತ್ತು. ಕ್ಯಾಸಲ್‌ಫೋರ್ಡ್‌ನ ಪ್ರಾಪ್ (ಮುಂಪಡೆ ಆಟಗಾರ) ಕೆವಿನ್ ವಾರ್ಡ್ 1987ರಲ್ಲಿ ಮ್ಯಾನ್ಲಿ ತಂಡಕ್ಕೆ ಆಡಿ ಊರಿಗೆ ಮರಳಿದ್ದರು. ಮ್ಯಾನ್ಲಿ ಫೈನಲ್ ತಲುಪಿದಾಗ ಕ್ಲಬ್ ಅವರನ್ನು ಮತ್ತೆ ವಿಮಾನ ಹತ್ತಿಸಿ ಕರೆಸಿಕೊಂಡಿತು. ಕ್ಯಾನ್‌ಬೆರಾವನ್ನು 18-8ರಿಂದ ಸೋಲಿಸಿದ ಆ ಪಂದ್ಯದಲ್ಲಿ ವಾರ್ಡ್ ಆಟ ಇಂದಿಗೂ ಮಾತಿನ ವಿಷಯ. ಮರುವರ್ಷ ಬಾಲ್‌ಮೇನ್ ತಂಡಕ್ಕೆ ಋತುವಿನ ಕೊನೆಯಲ್ಲಿ ಬಂದ ಎಲ್ಲರಿ ಹ್ಯಾನ್ಲಿ ತಂಡವನ್ನು ಫೈನಲ್‌ವರೆಗೆ ಒಯ್ದರು. ಅಲ್ಲಿ ಟ್ಯಾಕಲ್‌ನಲ್ಲಿ ಪ್ರಜ್ಞೆ ತಪ್ಪಿ ಹೊರಬಿದ್ದರು, ಬಾಲ್‌ಮೇನ್ ಸೋತಿತು.

ಆ ಕಾಲದಲ್ಲೂ ಬೇರುಬಿಟ್ಟವರಿದ್ದರು. ಅವರಲ್ಲಿ ಮಾಲ್ಕಮ್ ರೈಲಿ ಪ್ರಮುಖರು. 1971ರಲ್ಲಿ ಕ್ಯಾಸಲ್‌ಫೋರ್ಡ್‌ನಿಂದ ಮ್ಯಾನ್ಲಿಗೆ ಬಂದು 1972 ಮತ್ತು 1973ರ ಪ್ರಶಸ್ತಿಗಳಲ್ಲಿ ಪಾಲು ಪಡೆದರು. ಮುಂದೆ ನ್ಯೂಕಾಸಲ್ ನೈಟ್ಸ್ ತರಬೇತುದಾರರಾಗಿ 1997ರ ಫೈನಲ್‌ನಲ್ಲಿ ತಮ್ಮ ಹಳೆಯ ಕ್ಲಬ್ ಮ್ಯಾನ್ಲಿಯನ್ನೇ 22-16ರಿಂದ ಮಣಿಸಿದರು. ನ್ಯೂಕಾಸಲ್ ಕಲ್ಲಿದ್ದಲಿನ ಊರು. ಯಾರ್ಕ್‌ಷೈರ್‌ನ ಗಣಿ ಸೀಮೆಯಿಂದ ಬಂದವರೊಬ್ಬರು ಅದಕ್ಕೆ ಮೊದಲ ಪ್ರಶಸ್ತಿ ತಂದುಕೊಟ್ಟರು.

1996ರಲ್ಲಿ ಸೂಪರ್ ಲೀಗ್ ಹುಟ್ಟಿ, ಇಂಗ್ಲೆಂಡಿನ ಋತು ಬೇಸಿಗೆಗೆ ಸರಿಯಿತು. ಎರಡೂ ಟೂರ್ನಿಗಳು ಈಗ ಏಕಕಾಲಕ್ಕೆ ನಡೆಯುತ್ತವೆ. ಅತಿಥಿಯಾಗಿ ಹೋಗಿಬರುವ ದಾರಿ ಮುಚ್ಚಿತು. ಹೋಗುವವನು ಸಂಸಾರಸಮೇತ ವಲಸೆ ಹೋಗಬೇಕು.

ಮುಂಪಡೆಗೆ ಒಲಿದ ನೆಲ

ವಲಸೆ ಹೋಗಿ ಗೆದ್ದವರ ಪಟ್ಟಿಯಲ್ಲಿ ಬಹುಪಾಲು ಮುಂಪಡೆಯವರೇ. ಸಿಡ್ನಿ ರೂಸ್ಟರ್ಸ್ ಜೊತೆ 2002ರ ಪ್ರಶಸ್ತಿ ಗೆದ್ದ ಏಡ್ರಿಯನ್ ಮಾರ್ಲಿ, ವೆಸ್ಟ್ಸ್ ಟೈಗರ್ಸ್‌ನಲ್ಲಿ ಬಂದ ವರ್ಷದಿಂದಲೇ ಕ್ಲಬ್ಬಿನ ಮೆಚ್ಚಿನ ಆಟಗಾರರಾದ ಗ್ಯಾರೆತ್ ಎಲ್ಲಿಸ್, ಕ್ಯಾಂಟರ್ಬರಿಯ ನಾಯಕರಾದ ಗ್ರಹಾಂ, ಕ್ಯಾನ್‌ಬೆರಾದಲ್ಲಿ 2016ರಿಂದ ಒಂಬತ್ತು ಋತು ಆಡಿದ ಎಲಿಯಟ್ ವೈಟ್‌ಹೆಡ್. ಸ್ಯಾಮ್ ಹಿಂದೆ ಬರ್ಜೆಸ್ ಮನೆಯ ಲ್ಯೂಕ್, ಟಾಮ್, ಜಾರ್ಜ್ ಮೂವರೂ ಸೌತ್ ಸಿಡ್ನಿಗೆ ಬಂದರು. 2013ರಲ್ಲಿ ನಾಲ್ವರು ಸಹೋದರರು ಒಂದೇ ಪಂದ್ಯದಲ್ಲಿ ಒಂದೇ ತಂಡಕ್ಕೆ ಆಡಿದರು. ಸಿಡ್ನಿಯ ಲೀಗ್ ಅಂಥದ್ದನ್ನು 1910ರ ನಂತರ ಕಂಡಿರಲಿಲ್ಲ.

ಮುಂಪಡೆಯವರೇ ಹೆಚ್ಚು ಗೆಲ್ಲುವುದಕ್ಕೆ ಕಾರಣವಿದೆ. ಮುಂಪಡೆಯವನ ಕೆಲಸ ಚೆಂಡು ಹಿಡಿದು ಗೋಡೆಗೆ ನುಗ್ಗುವುದು, ಎದುರಾಳಿಯನ್ನು ತಡೆಯುವುದು, ಮತ್ತೆ ಸಾಲಿಗೆ ಮರಳುವುದು. ಹಿಡಿತದ ಹೊಸ ಪಟ್ಟು, ದಮ್ಮು ಎರಡನ್ನೂ ದುಡಿದು ಸಂಪಾದಿಸಬಹುದು. ಇನ್ನೊಂದು ಅನುಕೂಲವೂ ಉಂಟು. ಪ್ರತಿವರ್ಷ ಋತುವಿನ ಮಧ್ಯೆ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವೆ ಸ್ಟೇಟ್ ಆಫ್ ಒರಿಜಿನ್ ಸರಣಿ ನಡೆಯುತ್ತದೆ. ಕ್ಲಬ್ಬಿನ ತಾರೆಗಳು ರಾಜ್ಯ ತಂಡಗಳಿಗೆ ಹೋದಾಗ, ಒರಿಜಿನ್ ಆಡುವ ಅರ್ಹತೆಯಿಲ್ಲದ ಇಂಗ್ಲೆಂಡಿನವನೇ ತಂಡದ ಭಾರ ಹೊರುತ್ತಾನೆ. ಸಹ ಆಟಗಾರರ ನಂಬಿಕೆ ಗಳಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಮಾರ್ಲಿ ಅವರಂಥ ಬಿರುಸಿನ ಆಟಗಾರರಿಗೆ ಶಿಸ್ತು ಸಮಿತಿಯ ಕಾಟವೂ ಇತ್ತು. ಪ್ರತಿ ಟ್ಯಾಕಲ್ಲನ್ನೂ ಹಲವು ಕ್ಯಾಮೆರಾಗಳು ನೋಡುತ್ತವೆ, ತಪ್ಪಿಗೆ ವಾರಗಟ್ಟಲೆ ನಿಷೇಧ. 2012ರ ಫೈನಲ್‌ನಲ್ಲಿ ಬಿಲ್ಲಿ ಸ್ಲೇಟರ್ ಅವರ ಕಿವಿ ಕಚ್ಚಿದ ಪ್ರಕರಣದಲ್ಲಿ ಗ್ರಹಾಂ 12 ವಾರಗಳ ಶಿಕ್ಷೆ ಅನುಭವಿಸಿದರು. ಅಂಥ ಘಟನೆಯ ನಂತರವೂ ಅದೇ ಕ್ಲಬ್ ಅವರಿಗೆ ನಾಯಕತ್ವ ಕೊಟ್ಟಿದ್ದು, ಅವರು ಅಲ್ಲಿ ಗಳಿಸಿದ ಗೌರವಕ್ಕೆ ಸಾಕ್ಷಿ.

ಆಟ ಕಟ್ಟುವವರ ಕಷ್ಟ

ಹಾಫ್‌ಬ್ಯಾಕ್‌ಗಳ ಕಥೆ ಬೇರೆ. ಯಾವ ಟ್ಯಾಕಲ್‌ನಲ್ಲಿ ಯಾವ ಕಡೆ ಹೋಗಬೇಕು, ಯಾವಾಗ ಒದೆಯಬೇಕು ಎಂದು ಹನ್ನೆರಡು ಮಂದಿಯನ್ನು ನಡೆಸುವ ಹೊಣೆ ಅವರದು. ಎದುರಿನ ಸಾಲು ಇಂಗ್ಲೆಂಡಿನಲ್ಲಿ ಕೊಡುತ್ತಿದ್ದ ಸಮಯವನ್ನು ಇಲ್ಲಿ ಕೊಡುವುದಿಲ್ಲ. ಸಹ ಆಟಗಾರರ ಓಟದ ಲಯವೂ ಹೊಸದು. ವಿಗನ್‌ನಿಂದ ಬಂದ ಡೇವ್ ಬೋಲ್ಟನ್ 1969ರ ಫೈನಲ್‌ನಲ್ಲಿ ಎರಡು ಫೀಲ್ಡ್ ಗೋಲ್ ಒದ್ದು, ಬಾಲ್‌ಮೇನ್ ಬಲಾಢ್ಯ ಸೌತ್ ಸಿಡ್ನಿಯನ್ನು 11-2ರಿಂದ ಮಣಿಸಲು ನೆರವಾದರು. ಅಂಥ ಉದಾಹರಣೆಗಳು ಮತ್ತೆ ಹೆಚ್ಚು ಸಿಗುವುದಿಲ್ಲ. 2025ರಲ್ಲಿ ಸೇಂಟ್ ಹೆಲೆನ್ಸ್‌ನಿಂದ ಸೌತ್ ಸಿಡ್ನಿಗೆ ಬಂದ ಲೂಯಿಸ್ ಡಾಡ್ ಮೊದಲ ತಂಡದಲ್ಲಿ ಜಾಗ ಹಿಡಿಯಲು ಪರದಾಡಿದರು.

ಆಟ ಒಗ್ಗಿದರೂ ಊರು ಒಗ್ಗದಿರಬಹುದು. ದೊಡ್ಡ ಮೊತ್ತಕ್ಕೆ 2014ರಲ್ಲಿ ನ್ಯೂಜಿಲೆಂಡ್ ವಾರಿಯರ್ಸ್ ಸೇರಿದ ವಿಗನ್‌ನ ಸ್ಯಾಮ್ ಟಾಮ್ಕಿನ್ಸ್ ಎರಡು ಋತುಗಳ ನಂತರ ಮರಳಿದರು. 2020ರಲ್ಲಿ ಕ್ಯಾನ್‌ಬೆರಾಗೆ ಹೋದ ಜಾರ್ಜ್ ವಿಲಿಯಮ್ಸ್ ಚೆನ್ನಾಗಿಯೇ ಆಡುತ್ತಿದ್ದರು. ಕೋವಿಡ್ ಕಾಲದಲ್ಲಿ ಗಡಿಗಳು ಮುಚ್ಚಿ, ಮನೆಯವರನ್ನು ಕಾಣಲಾಗದೆ 2021ರ ನಡುವೆಯೇ ಹಿಂತಿರುಗಿದರು. ಸಿಡ್ನಿಯಲ್ಲಿ ಪಂದ್ಯ ಮುಗಿದು ರಾತ್ರಿಯಾದಾಗ ಇಂಗ್ಲೆಂಡಿನಲ್ಲಿ ಇನ್ನೂ ಹಗಲು. ಗೆದ್ದ ಸಂತೋಷವನ್ನೋ ಸೋತ ಸಂಕಟವನ್ನೋ ಹೇಳಿಕೊಳ್ಳಲು ತಾಯಿಗೆ ಫೋನು ಮಾಡಬೇಕೆಂದರೆ ಹೊತ್ತು ನೋಡಬೇಕು. ಹಾಗೆ ಮರಳಿದವರನ್ನು ಸೋತವರೆನ್ನುವುದು ಅನ್ಯಾಯ.

ಈ ಒಂಟಿತನಕ್ಕೆ ಕ್ಯಾನ್‌ಬೆರಾ ರೇಡರ್ಸ್ ಒಳ್ಳೆಯ ಮದ್ದು ಕಂಡುಕೊಂಡಿತು. ತರಬೇತುದಾರ ರಿಕಿ ಸ್ಟುವರ್ಟ್ ಇಂಗ್ಲೆಂಡಿನವರನ್ನು ಒಬ್ಬೊಬ್ಬರಾಗಿ ಸೇರಿಸುತ್ತಾ ಹೋದರು. 2015ರಲ್ಲಿ ಹಲ್ ಕೆಆರ್‌ನಿಂದ ಬಂದ ಹೂಕರ್, ಅಂದರೆ ಪ್ಲೇ ದ ಬಾಲ್ ಆದೊಡನೆ ಚೆಂಡೆತ್ತಿ ಹಂಚುವ ಜಾಶ್ ಹಾಡ್ಜ್‌ಸನ್, ಆಮೇಲೆ ವೈಟ್‌ಹೆಡ್, 2019ರಲ್ಲಿ ವಿಗನ್‌ನ ಜಾನ್ ಬೇಟ್‌ಮನ್. ಮೊದಲು ಬಂದವರು ನಂತರ ಬಂದವರಿಗೆ ಮನೆ ಹುಡುಕುವುದರಿಂದ ಹಿಡಿದು ಟ್ಯಾಕಲ್‌ವರೆಗೆ ದಾರಿ ತೋರಬಲ್ಲರು. 2019ರಲ್ಲೇ ತಂಡ ಫೈನಲ್ ತಲುಪಿ ರೂಸ್ಟರ್ಸ್ ಎದುರು 14-8ರಿಂದ ಸೋತಿತು. ಆಟ ಕಟ್ಟುವ ಸ್ಥಾನದಲ್ಲಿದ್ದೂ ಹಾಡ್ಜ್‌ಸನ್ ಸಹನಾಯಕರಾಗುವ ಮಟ್ಟಕ್ಕೆ ಬೆಳೆದರು. ಕಾಲಾವಕಾಶ, ಜೊತೆಗಾರರು, ನಂಬುವ ತರಬೇತುದಾರ ಈ ಮೂರೂ ದಕ್ಕಿದರೆ ಮಿದುಳಿನ ಕೆಲಸವೂ ಒಲಿಯುತ್ತದೆ ಎಂಬುದಕ್ಕೆ ಅವರೇ ಪುರಾವೆ.

ಎಳೆಯರ ಹೊಸ ದಾರಿ

ಈಚಿನ ವರ್ಷಗಳಲ್ಲಿ ದಾರಿ ಮತ್ತೆ ಬದಲಾಗಿದೆ. ಬರ್ನ್ಲಿಯ ಹರ್ಬಿ ಫಾರ್ನ್‌ವರ್ತ್ ಹದಿಹರೆಯದಲ್ಲೇ ಬ್ರಿಸ್ಬೇನ್ ಸೇರಿ, ಸೂಪರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ 2019ರಲ್ಲಿ ನೇರ ಎನ್‌ಆರ್‌ಎಲ್‌ಗೆ ಕಾಲಿಟ್ಟರು. 2023ರ ಫೈನಲ್ ಆಡಿ, ಮುಂದಿನ ವರ್ಷ ಡಾಲ್ಫಿನ್ಸ್ ಸೇರಿದರು. ವಿಂಗರ್ ಡಾಮ್ ಯಂಗ್ ಬೆರಳೆಣಿಕೆಯ ಸೂಪರ್ ಲೀಗ್ ಪಂದ್ಯಗಳ ಅನುಭವದೊಂದಿಗೆ ನ್ಯೂಕಾಸಲ್‌ಗೆ ಹೋಗಿ, 2023ರಲ್ಲಿ 20ಕ್ಕೂ ಹೆಚ್ಚು ಟ್ರೈ ಗಳಿಸಿದರು. ಇವರು ಕಲಿತದ್ದನ್ನು ಮರೆತು ಹೊಸದನ್ನು ಕಲಿಯಬೇಕಿರಲಿಲ್ಲ, ಮೊದಲ ಪಾಠವೇ ಅಲ್ಲಿನದು.

ಇಂಗ್ಲೆಂಡಿನ ಕ್ಲಬ್ಬುಗಳಿಗೆ ಇದು ನಷ್ಟವೇ. ಆದರೆ ಹೋದವರು ಬರಿಗೈಯಲ್ಲಿ ಮರಳುವುದಿಲ್ಲ. ಗ್ರಹಾಂ 2020ರಲ್ಲಿ ಸೇಂಟ್ ಹೆಲೆನ್ಸ್‌ಗೆ ಹಿಂತಿರುಗಿ ಸೂಪರ್ ಲೀಗ್ ಪ್ರಶಸ್ತಿಯೊಂದಿಗೆ ವಿದಾಯ ಹೇಳಿದರು. ಬರ್ಜೆಸ್ ತರಬೇತುದಾರರಾಗಿ ವಾರಿಂಗ್ಟನ್‌ಗೆ ಬಂದರು. 2017ರ ವಿಶ್ವಕಪ್ ಫೈನಲ್‌ನಲ್ಲಿ ಬ್ರಿಸ್ಬೇನ್ ನೆಲದಲ್ಲೇ ಇಂಗ್ಲೆಂಡ್ ಆಸ್ಟ್ರೇಲಿಯಾವನ್ನು ಆರೇ ಅಂಕಗಳಿಗೆ ಕಟ್ಟಿಹಾಕಿತು. ಬರ್ಜೆಸ್, ಗ್ರಹಾಂ, ವೈಟ್‌ಹೆಡ್ ಅಲ್ಲಿದ್ದರು. ಸೋಲು 6-0, ಇಂಗ್ಲೆಂಡ್ ಒಂದಂಕವನ್ನೂ ಗಳಿಸಲಿಲ್ಲ. ತಡೆಯುವುದನ್ನು ಎನ್‌ಆರ್‌ಎಲ್ ಕಲಿಸಿತ್ತು, ಆ ಗೋಡೆಯನ್ನು ಒಡೆಯುವ ಬುದ್ಧಿ ಇನ್ನೂ ಕಲಿಯಬೇಕಿತ್ತು.

2025ರಲ್ಲಿ 22 ವರ್ಷಗಳ ನಂತರ ಮರಳಿದ ರಗ್ಬಿ ಲೀಗ್‌ನ ಆಷಸ್ ಸರಣಿಯನ್ನು ಆಸ್ಟ್ರೇಲಿಯಾ 3-0ಯಿಂದ ಗೆದ್ದಾಗಲೂ ಕಂಡದ್ದು ಇದೇ ಕೊರತೆ. 1970ರಿಂದೀಚೆಗೆ ಆ ಟ್ರೋಫಿ ಬ್ರಿಟನ್ನಿಗೆ ದಕ್ಕಿಲ್ಲ. ನುಗ್ಗುವವರನ್ನೂ ಓಡುವವರನ್ನೂ ಕಳಿಸಿದ್ದಾಯಿತು. ಇನ್ನು ಆಟ ಕಟ್ಟುವ ಹುಡುಗರೂ ಹದಿನೆಂಟರ ಹೊಸ್ತಿಲಲ್ಲೇ ಹೊರಡಬೇಕು. ಅವರ ಮೊದಲ ಎರಡು ವರ್ಷದ ತಪ್ಪುಗಳನ್ನು ಸಹಿಸುವ ಕ್ಲಬ್ಬುಗಳು ಅಲ್ಲಿ ಸಿಗಬೇಕು. ಹಡರ್ಸ್‌ಫೀಲ್ಡ್‌ನಲ್ಲಿ ಹುಟ್ಟಿದ ಆಟದ ಮುಂದಿನ ಪಾಠಶಾಲೆ ಸಿಡ್ನಿಯಲ್ಲಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಅಲ್ಲಿಗೆ ಹೋಗಿ ಗೆದ್ದ ಪ್ರತಿಯೊಬ್ಬರೂ ಮೊದಲು ಮಾಡಿದ್ದು ಅದನ್ನೇ.